ಕಲ್ಲಿನಾಗ ಉಳದದ್ದು

ಬನಶ್ರೀ ಬಂದಾಗ ಕರೆಂಟು ಹೋಗಿತ್ತು.
ಗುಳೇದಗುಡ್ಡದಾಗ ಹನ್ನೊಂದಕ್ಕ ಹೋದ ಕರೆಂಟು
ಯಾವಾಗ ಬರತೈತಿ ಅನ್ನೂದು ಬಂದಮ್ಯಾಲೇ ಗೊತ್ತು.
ಮಗ್ಗ ನಿಂತು ಓಣಿ ಬಣಬಣ.
ಸ್ಟೀಲ್ ಡಬ್ಬಿ ಮುಚ್ಚಳ ತಗದು ತೋರಿಸಿದಳು:
ಬ್ಯಾಡಗಿ ಮೆಣಸಿನಕಾಯಿ, ಎರಡು ಕಿಲೋ,
ತೊಟ್ಟಿಲ್ಲ, ಬೀಜ ಒಂದೂ ಇಲ್ಲ,
ಕತ್ತರಿಲೆ ಸೀಳಿ, ಒದ್ದಿ ಅರಿವಿಲೆ ಒರಸಿ, ಮಾಳಿಗಿ ಮ್ಯಾಲ ಒಣಗಿಸಿದ್ದು.

"ಮಾಬುಬಿ ಚಿಗವ್ವ, ಸಣ್ಣಗ ಬ್ಯಾಡ.
ರವಾದಂಗೂ ಬ್ಯಾಡ.
ಇಗಾ, ಹಿಂಗ."

ಅಂಗೈಮ್ಯಾಲ ಒಂದು ಚಿಟಿಕಿ ಹಾಕಿದಳು,
ಇಪ್ಪತ್ತಾರು ದಿನ ದಾರಿ ಸವೆಸಿ ಬಂದ ಪಾಕೀಟಿನದು.
ಇವರ ಮನಿ ಖಣ ಐದು ತುಂಡು ಕೊಂಡಾಕಿ,
ಜೊಂಜು ಅನ್ನೂ ಊರಾಗ ಹೊಲಿಗಿ ಮಾಡೂ ಹೆಣಮಗಳು,
ರೊಕ್ಕ ಮುಟ್ಟಿದಮ್ಯಾಲ ಇದನ್ನೂ ಕಳಿಸಿದ್ದಳಂತ,
ಸುಮ್ಮನ.

ಗೊಚುಗಾರು, ಅಂದಳು.
ನನಗ ಕೇಳಿಸಿದ್ದು ಗೊಚುಖಾರ.
ಖಾರನ ಅಲ್ಲೇನವಾ ಮತ್ತ, ಅಂದೆ.
ನಕ್ಕಳು. "ಗಾರು ಅಂದ್ರ ಪುಡಿ."
ಮೂವತ್ತೊಂದು ವರ್ಷ ಪುಡಿ ಮಾಡಿದಾಕಿ ನಾನು,
ನಾಲಿಗಿಮ್ಯಾಲ ಇಟ್ಟು ನೋಡಿದೆ:
ಮೊದಲು ಸಿಹಿ, ಹಿಂದ ಒಂದೀಟು ಹೊಗಿ,
ಖಾರ ಕಡೀಕ, ಸಾಲ ಕೇಳಾಕ ಬಂದ ಬೀಗರಂಗ
ಬಾಗಲದಾಗ ನಿಂತು ನಿಂತು ಒಳಗ ಬಂತು.

ಹನ್ನೆರಡು ದಿನಕ್ಕ ಮತ್ತ ಬಂದಳು ಬಟ್ಟಲ ಹಿಡಕೊಂಡು.
ಉಪ್ಪಿನಾಗ ಸೋತ ಕ್ಯಾಬೀಜು, ಮೈತುಂಬ ಕೆಂಪು,
ಒಳಗೊಳಗ ಬುಸುಗುಡೂ ಹುಳಿ.
ಮೀನಿನ ರಸ ಹಾಕಬೇಕಂತ, ಅವರವ್ವ ಬಿಡಲಿಲ್ಲ.
ನಮ್ಮ ರಂಜಕದ ತಂಗಿ ಇದು, ಅಂದೆ,
ದೂರ ಕೊಟ್ಟಾರ, ಬಂದು ಹೋಗೂದು ಕಡಿಮಿ.
ಅಲ್ಲಿ ಗಡಿಗಿ ನೆಲದಾಗ ಹುಗೀತಾರಂತ, ಚಳಿಗಾಲಕ್ಕ.
ನನಗ ದೇಸಾಯರ ಹಿತ್ತಲದ ಹಗೇವು ನೆನಪಾತು:
ಬಾಯಿ ತಗದು ಮೊದಲು ದೀಪ ಇಳಿಸವರು,
ದೀಪ ಆರಿದ್ರ ಯಾರೂ ಇಳಿಯಂಗಿಲ್ಲ.
ಮ್ಯಾಲ ಬಂದ ಜ್ವಾಳಕ್ಕ ಒಂದು ವಾಸನಿ ಇರತಿತ್ತು,
ಕತ್ತಲದಾಗ ಕುಂತು ವಿಚಾರ ಮಾಡಿದ ಕಾಳಿನ ವಾಸನಿ.
ಬಟ್ಟಲ ಬಳದು ಕೊಟ್ಟೆ.

ಮೂರನೇ ಸಲ ಬಿರುಬ್ಯಾಸಗಿ.
ಜವೆಗೋದಿ, ಅಕ್ಕಿ, ಕರೆ ಸೋಯಾ, ಎಳ್ಳು, ಒಂದು ಮುಷ್ಟಿ ಜ್ವಾಳ,
ಒಂದೊಂದೂ ಬ್ಯಾರೆ ಬ್ಯಾರೆ ಹುರದು ತಂದಿದ್ದಳು.
"ಜ್ವಾಳ ನೀ ಸೇರಿಸಿದ್ದೋ?"
"ಇಲ್ಲ ಚಿಗವ್ವ, ಅಲ್ಲೂ ಐತಂತ."
ಬೀಸಿದೆ, ಸಣ್ಣಗ.
ಸೋಡಾ ಅಂಗಡಿ ಬರ್ಫ, ಮಹಾಲಿಂಗಪುರದ ಬೆಲ್ಲ,
ಗಿಲಾಸಿನಾಗ ಕದಡಿ ಕೊಟ್ಟಳು.
ಮಿಸುತ್‌ಗಾರು.

ಕುಡದೆ.
ಕುಡದು ಗಿಲಾಸು ಕೆಳಗಿಡಲಿಲ್ಲ.

ನಮ್ಮಪ್ಪ ಬ್ಯಾರೆಯವರ ಗಿರಣಿಯಾಗ ಕೂಲಿ.
ರಾತ್ರಿ ಬೆಲ್ಟು ಕಳಚಿ, ಅರಿವಿ ಸೊಂಡಿಲ ಝಾಡಿಸಿ,
ಕಲ್ಲಿನ ಕಚ್ಚಿನಾಗಿಂದ ಬ್ರಷಿಲೆ ತಗೀತಿದ್ದ
ಊರ ಮಂದಿ ಬಿಟ್ಟುಹೋದ ಹಿಟ್ಟು:
ಯಾರದೋ ಗೋದಿ, ಯಾರದೋ ಕಡ್ಲಿ, ಸಜ್ಜಿ,
ಬಾಣಂತಿಯೊಬ್ಬಾಕಿ ಬೀಸಿಕೊಂಡುಹೋದ ಹುರಿಹಿಟ್ಟು.
ಅದ ನಮ್ಮ ಪಗಾರದ ಮ್ಯಾಲಿನ ಪಗಾರ.
ಅವ್ವ ಬಡದರ ರೊಟ್ಟಿ ಅಂಚಿಗೆಲ್ಲ ಸೀಳತಿತ್ತು.
ಬಣ್ಣ ಇದ ಅಂತ ಹೇಳಾಕ ಬರತಿರಲಿಲ್ಲ.
ಸಾಲ್ಯಾಗ ಶಕುಂತಲಾ ಕೇಳಿದಳು, ಯಾತರ ರೊಟ್ಟಿ ಅದು?
ಗೋದಿದು ಅಂತ ಸುಳ್ಳ ಹೇಳಿದೆ,
ಡಬ್ಬಿ ಮುಚ್ಚಳದ ಮರಿಗೆ ತಿಂದೆ, ಏಳನೇತ್ತಾ ಮುಗಿಯೂತನಕ.

ಅದ ರುಚಿ.
ಹುರದದ್ದು, ಒಂಚೂರು ಕಹಿ, ಎಲ್ಲಾರ ಮನಿದೂ.

"ಪಾಕೀಟಿಗೆ ಎಷ್ಟಂತ ಇದಕ?"
"ಮೊಬೈಲದಾಗ ಎಂಟುನೂರಾ ಐವತ್ತು ತೋರಸತೈತಿ."
ಗೋಡಿ ಕಡೆ ನೋಡಿದೆ. ಅಪ್ಪನ ಫೋಟೋ ಇಲ್ಲ ಅಲ್ಲಿ,
ತೆಗೆಸಿರಲೇ ಇಲ್ಲ. ಕ್ಯಾಲೆಂಡರ್ ಐತಿ.

ಸಂಜಿ ಬ್ರಷಿಲೆ ಕಲ್ಲು ಬಳಕೋತಿದ್ದೆ.
ದಿನಾ ಇದು ಕೋಳಿಗೆ.
ಬನಶ್ರೀ ಡಬ್ಬಿ ಒಯ್ಯಾಕ ಬಂದು ಕೇಳಿದಳು,
ಬೀಸಿದ್ದು ಎಷ್ಟಾತು ಚಿಗವ್ವ?

ಕಲ್ಲಿನಾಗ ಒಂದು ಮುಷ್ಟಿ ಉಳದೈತಿ ನಿಂದು,
ಅದ ಆತು ತಗೋ, ಅಂದೆ.